ಮಧ್ಯದ ಬಾಗಿಲಿನ ಎದುರಿನ ಜಾಗ: ಬೆಳಗಿನ ಬಸ್ಸೊಂದರ ಪ್ರಕರಣ ಅಧ್ಯಯನ

ಒಂದೇ ವಾರದಲ್ಲಿ ಮೂರು ದೂರು ಬಂದಿದ್ದವು. ಮೂರನ್ನೂ ಬೇರೆ ಬೇರೆ ದಿನ ಓದಿ, ಬೇರೆ ಬೇರೆ ಫೈಲಿಗೆ ಹಾಕಿದ್ದೆ.

ಮೊದಲನೆಯದು ವೀಲ್‌ಚೇರ್ ಬಳಸುವ ಮಹಿಳೆಯೊಬ್ಬರದು. ಬಸ್ಸು ನಿಂತಿತು, ಬಾಗಿಲು ತೆರೆಯಿತು, ನನ್ನನ್ನು ಹತ್ತಿಸಿಕೊಳ್ಳದೆ ಹೊರಟುಹೋಯಿತು ಎಂದು ಬರೆದಿದ್ದರು. ಎರಡನೆಯದು ಪುಟ್ಟ ಮಗುವಿನ ತಂದೆಯದು. ಬಸ್ಸಿನಲ್ಲಿದ್ದವರೆಲ್ಲ ಸೇರಿ ನನ್ನನ್ನು ಬೈದರು, ಮಗು ಹೆದರಿ ಅತ್ತಿತು, ಅರ್ಧ ದಾರಿಯಲ್ಲೇ ಇಳಿದುಬಿಟ್ಟೆ ಎಂಬುದು ಅವರ ನೋವು. ಮೂರನೆಯವರು ದಿನಾ ನಿಂತುಕೊಂಡೇ ಕೆಲಸಕ್ಕೆ ಹೋಗುವವರು. ಈ ಬಸ್ಸು ಯಾವಾಗಲೂ ತಡ, ಸ್ಟಾಪಿನಲ್ಲಿ ಜಗಳ ಬೇರೆ, ಕೇಳುವವರೇ ಇಲ್ಲ ಎಂದಿದ್ದರು.

ಮೂರೂ ಒಂದೇ ಟ್ರಿಪ್ಪಿನವು ಎಂದು ಗೊತ್ತಾಗಿದ್ದು ನಾಲ್ಕನೆಯ ಕಾಗದ ಕೈಗೆ ಬಂದಾಗ. ಅದು ಡ್ರೈವರ್ ಬರೆದದ್ದು. ಎರಡೇ ಸಾಲು. "ಜಾಗ ಮಾಡಿ ಅಂತ ಕೇಳಿದೆ. ಯಾರೂ ಮಾಡಲಿಲ್ಲ. ಇನ್ನೇನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ."

ಪ್ರಯಾಣಿಕರ ದೂರುಗಳನ್ನು ಓದಿ ಉತ್ತರಿಸುವುದು ನನ್ನ ಕೆಲಸ. ಈ ಪ್ರಕರಣದಲ್ಲಿ ಮೊದಲಿನಿಂದ ಕೊನೆಯವರೆಗೆ ಇದ್ದೆ. ಇದೇ ತೊಂದರೆ ಎದುರಿಸುತ್ತಿರುವ ಬೇರೆಯವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಊರು, ಮಾರ್ಗ, ಸಂಸ್ಥೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವೀಲ್‌ಚೇರ್ ಬಳಸುವ ಮಹಿಳೆಯನ್ನು 'ಕ' ಎಂದು ಕರೆಯುತ್ತೇನೆ. ಅವರೇ ಓದಿ ಒಪ್ಪಿದ ಮೇಲೆ ಇದನ್ನು ಹೊರಗೆ ಕೊಡುತ್ತಿದ್ದೇನೆ.

ಆ ಜಾಗ

ಅದು ನೆಲ ತಗ್ಗಾಗಿರುವ ಬಸ್ಸು. ಕಂಡಕ್ಟರ್ ಇಲ್ಲ, ಡ್ರೈವರ್ ಒಬ್ಬರೇ. ಮುಂದಿನ ಬಾಗಿಲಲ್ಲಿ ಹತ್ತಬೇಕು, ಮಧ್ಯದ ಬಾಗಿಲಲ್ಲಿ ಇಳಿಯಬೇಕು. ಮಧ್ಯದ ಬಾಗಿಲಿನ ಎದುರಿಗೆ ಒಂದು ತೆರೆದ ಜಾಗ ಇದೆ. ಅಲ್ಲಿ ಗೋಡೆಗೆ ಅಂಟಿದಂತೆ ಎರಡು ಮಡಚುವ ಸೀಟು, ಒಂದು ಎತ್ತರದ ಒರಗು ಪಟ್ಟಿ, ಒಂದು ಕಂಬ.

ಒರಗು ಪಟ್ಟಿ ಯಾಕಿದೆ ಎಂದು ತುಂಬಾ ಜನರಿಗೆ ಗೊತ್ತಿಲ್ಲ. ಇಂಥ ಬಸ್ಸಿನಲ್ಲಿ ವೀಲ್‌ಚೇರ್ ಹಿಂದಕ್ಕೆ ಮುಖ ಮಾಡಿ ನಿಲ್ಲಬೇಕು, ಬೆನ್ನು ಆ ಪಟ್ಟಿಗೆ ತಾಗಬೇಕು. ಬ್ರೇಕ್ ಹಾಕಿದಾಗ ಕುರ್ಚಿ ಮುಂದಕ್ಕೆ ನುಗ್ಗುವ ಬದಲು ಪಟ್ಟಿಗೆ ಒತ್ತಿಕೊಳ್ಳುತ್ತದೆ. ಹಾಗಾಗಿ "ಬಾಗಿಲ ಹತ್ತಿರ ಎಲ್ಲಾದರೂ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಪಟ್ಟಿಯ ಮುಂದೆ ಜಾಗ ಪೂರ್ತಿ ಖಾಲಿ ಇರಬೇಕು. ಬ್ರಿಟನ್ನಿನ 2000ರ ನಿಯಮಗಳು ಈ ಜಾಗ ಕನಿಷ್ಠ 1300 ಮಿಲಿಮೀಟರ್ ಉದ್ದ, 750 ಮಿಲಿಮೀಟರ್ ಅಗಲ ಇರಬೇಕು ಎನ್ನುತ್ತವೆ. ಅಮೆರಿಕದ ಅಳತೆ 48 ಇಂಚು ಉದ್ದ, 30 ಇಂಚು ಅಗಲ. ಹೆಚ್ಚುಕಡಿಮೆ ಒಂದೇ. ಒಬ್ಬ ಮನುಷ್ಯ ಕೈಕಾಲು ಮುದುರಿ ಮಲಗುವಷ್ಟು ನೆಲ, ಅಷ್ಟೇ.

ಆ ನೆಲದ ಮೇಲೆ ಎಷ್ಟು ಜನರಿಗೆ ಕಣ್ಣು ನೋಡಿ. ವೀಲ್‌ಚೇರಿನವರಿಗೆ ಬೇರೆ ಜಾಗವೇ ಇಲ್ಲ. ಮಗುವಿನ ತಳ್ಳುಗಾಡಿಗೆ ಅಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಮೊಣಕಾಲು ನೋವಿನ ಹಿರಿಯರಿಗೆ ಮಡಚುವ ಸೀಟೇ ಇಷ್ಟ, ಬಾಗಿಲು ಹತ್ತಿರ, ಮೆಟ್ಟಿಲಿಲ್ಲ. ಬಸ್ಸು ತುಂಬಿದಾಗ ನಿಂತು ಹೋಗುವವರೂ ಅಲ್ಲೇ ಸೇರುತ್ತಾರೆ. ಇವರಲ್ಲಿ ಯಾರೂ ತಪ್ಪು ಮಾಡುತ್ತಿಲ್ಲ.

ಆ ಬೆಳಿಗ್ಗೆ

ಮೂವರ ಹತ್ತಿರವೂ ಡ್ರೈವರ್ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಿ ನಡೆದದ್ದನ್ನು ಜೋಡಿಸಿದೆ.

ಮಳೆ ಬರುತ್ತಿತ್ತು. ಮೊದಲು ಬಂದ ಬಸ್ಸು ತುಂಬಿದೆ ಎಂದು ನಿಲ್ಲದೇ ಹೋಗಿತ್ತು. 'ಕ' ಅವರು ನೆನೆದುಕೊಂಡೇ ಕಾಯುತ್ತಿದ್ದರು. ಈ ಬಸ್ಸು ಬಂದು ನಿಂತಿತು. ಮಾಮೂಲಿನಂತೆ ಎರಡೂ ಬಾಗಿಲು ಒಟ್ಟಿಗೆ ತೆರೆದವು. ಮುಂದಿನ ಬಾಗಿಲಿಂದ ಜನ ನುಗ್ಗಿದರು. ಮಧ್ಯದ ಜಾಗದಲ್ಲಿ ಒಂದು ತಳ್ಳುಗಾಡಿ ಇತ್ತು. ಅದರಲ್ಲಿ ಮಗು ಮಲಗಿತ್ತು. ಪಕ್ಕದ ಮಡಚುವ ಸೀಟಿನಲ್ಲಿ ಒಬ್ಬ ಹಿರಿಯರು ಕೂತಿದ್ದರು.

ಡ್ರೈವರ್ ತಿರುಗಿ "ಸ್ವಲ್ಪ ಜಾಗ ಮಾಡಿ, ವೀಲ್‌ಚೇರ್ ಇದೆ" ಎಂದರು. ಹಿರಿಯರು ಕಂಬ ಹಿಡಿದು ಎದ್ದು ನಿಂತರು. ತಂದೆ ಎದ್ದು ನಿಂತರು, ಆದರೆ ಗಾಡಿ ತೆಗೆಯಲಿಲ್ಲ. "ರಾತ್ರಿಯೆಲ್ಲ ಜ್ವರ, ಈಗಷ್ಟೇ ಕಣ್ಣು ಮುಚ್ಚಿದೆ" ಎಂದರು. ಯಾರೋ "ಮಗುನ ಎತ್ಕೊಳ್ರೀ" ಎಂದು ಕೂಗಿದರು. ಇನ್ಯಾರೋ "ಹಿಂದೇನೇ ಇನ್ನೊಂದು ಬಸ್ ಇದೆ, ಅದರಲ್ಲಿ ಬರಲಿ ಬಿಡಿ" ಎಂದರು. ಒಬ್ಬರು ಹೊತ್ತಾಯಿತು ಎಂದು ಗೊಣಗಿದರು. ಆಗ 'ಕ' ಅವರೇ ಕೆಳಗಿನಿಂದ "ಹೋಗಲಿ ಬಿಡಿ" ಎಂದರು. ಡ್ರೈವರ್ ಬಾಗಿಲು ಮುಚ್ಚಿದರು.

ಡ್ರೈವರ್ ಪ್ರಕಾರ ಅಲ್ಲಿಗೆ ವಿಷಯ ಮುಗಿಯಿತು, ಅವರೇ ಬೇಡ ಎಂದರಲ್ಲ. 'ಕ' ಅವರು ನನಗೆ ಹೇಳಿದ್ದು ಬೇರೆ. "ಹೋಗಲಿ ಬಿಡಿ ಅಂದೆ, ನಿಜ. ಒಪ್ಪಿ ಅಂದಿದ್ದಲ್ಲ. ಅಷ್ಟೂ ಜನ ನನ್ನ ಮುಖಾನೇ ನೋಡ್ತಿದ್ರು. ಒಂದು ಮಗುವಿನ ನಿದ್ದೆ ಕೆಡಿಸೋಳು ಅನ್ನೋ ಹಾಗೆ. ನಾನು ಇನ್ನೇನು ಹೇಳಬೇಕಿತ್ತು?"

ಈ ಮಾತು ಕೇಳಿದ ಮೇಲೆ ಬಹಳ ದಿನ ಅದೇ ತಲೆಯಲ್ಲಿತ್ತು. ಜಾಗಕ್ಕಾಗಿ ಜಗಳ ಎಂದು ನಾವು ಕರೆಯುತ್ತಿದ್ದುದರಲ್ಲಿ, ಜಗಳ ನಿಲ್ಲಿಸುವ ಹೊಣೆಯನ್ನು ಹೊತ್ತದ್ದು ಜಾಗ ಸಿಗದೇ ಹೋದವರೇ. ಅದು ಸರಿ ಅಲ್ಲ, ಅಲ್ವಾ?

ತಂದೆಯ ಕತೆಯೂ ಅಲ್ಲಿಗೆ ಮುಗಿಯಲಿಲ್ಲ. ಬಸ್ಸು ಹೊರಟ ಮೇಲೂ ಮಾತು ನಿಲ್ಲಲಿಲ್ಲ. ಎರಡು ಸ್ಟಾಪ್ ದಾಟಿದ ಮೇಲೆ ಅವರು ಇಳಿದು, ಮಳೆಯಲ್ಲೇ ಗಾಡಿ ತಳ್ಳಿಕೊಂಡು ಆಸ್ಪತ್ರೆಗೆ ನಡೆದರು. ಎದ್ದು ನಿಂತ ಹಿರಿಯರನ್ನು ಯಾರೂ ಗಮನಿಸಲಿಲ್ಲ. ಅವರ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಅವರು ಕೊನೆಯ ಸ್ಟಾಪಿನವರೆಗೂ ನಿಂತೇ ಹೋದರು. ದೂರು ಬರೆಯಲಿಲ್ಲ. ಅವರನ್ನು ಡ್ರೈವರ್ ನೆನಪಿನಿಂದಲೇ ಹುಡುಕಿದೆವು.

ಬೇರೆ ಕಡೆ ಇದಕ್ಕೆ ಏನು ಹೇಳಿದ್ದಾರೆ ಎಂದು ಓದಿದೆ. ಬ್ರಿಟನ್ನಿನಲ್ಲಿ 2012ರಲ್ಲಿ ಹೆಚ್ಚುಕಡಿಮೆ ಇದೇ ನಡೆದಿತ್ತು. ಮಲಗಿದ ಮಗು, ತೆಗೆಯದ ಗಾಡಿ, ಹತ್ತಲಾಗದ ವೀಲ್‌ಚೇರ್. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2017ರ ಜನವರಿಯಲ್ಲಿ ತೀರ್ಪು ಬಂತು. ಡ್ರೈವರ್ ಒಂದು ಸಲ ಕೇಳಿ, ಇಲ್ಲ ಎಂದರೆ ಸುಮ್ಮನಾಗುವುದು ಸಾಲದು. ನಿರಾಕರಣೆಗೆ ಸರಿಯಾದ ಕಾರಣ ಇಲ್ಲ ಅನ್ನಿಸಿದರೆ ಇನ್ನೂ ಗಟ್ಟಿಯಾಗಿ ಹೇಳಬೇಕು, ಬೇಕಾದರೆ ಕೆಲವು ನಿಮಿಷ ಬಸ್ಸು ಮುಂದಕ್ಕೆ ಬಿಡದೆ ನಿಲ್ಲಿಸಬಹುದು ಎಂಬುದು ಅದರ ಸಾರ. ಬಲವಂತವಾಗಿ ಇಳಿಸಬೇಕು ಎಂದು ಹೇಳಲಿಲ್ಲ. ಅಮೆರಿಕದ ನಿಯಮದಲ್ಲೂ ಡ್ರೈವರ್ ಕೇಳಲೇಬೇಕು, ಆದರೆ ಬಲವಂತ ಮಾಡಬೇಕಿಲ್ಲ. ಇದರಿಂದ ನಮಗೆ ದಿಕ್ಕು ಸಿಕ್ಕಿತು. ಆದರೆ ಮಳೆಯಲ್ಲಿ, ತುಂಬಿದ ಬಸ್ಸಿನಲ್ಲಿ, ಬಾಯಲ್ಲಿ ಯಾವ ಮಾತು ಬರಬೇಕು ಎನ್ನುವುದು ಯಾವ ತೀರ್ಪಿನಲ್ಲೂ ಇಲ್ಲ.

ಮೊದಲ ಪ್ರಯತ್ನ, ಅದರ ಪೆಟ್ಟು

ಮೊದಲು ಮಾಡಿದ್ದು ಸುಲಭದ ಕೆಲಸ. ದೊಡ್ಡ ಅಕ್ಷರದ ಸ್ಟಿಕ್ಕರ್ ಅಂಟಿಸಿದೆವು: "ಈ ಜಾಗ ವೀಲ್‌ಚೇರ್‌ಗೆ ಮಾತ್ರ." ಆ ಸಲಹೆ ಕೊಟ್ಟದ್ದು ನಾನೇ. ನಿಯಮ ಕಣ್ಣಿಗೆ ಕಂಡರೆ ವಾದಕ್ಕೆ ಎಡೆ ಇರುವುದಿಲ್ಲ ಎಂದುಕೊಂಡಿದ್ದೆ.

ಆಗಿದ್ದೇ ಬೇರೆ. ವೀಲ್‌ಚೇರ್ ಇಲ್ಲದ ಹೊತ್ತಿನಲ್ಲೂ ಜನ ಆ ಜಾಗ ಬಿಟ್ಟು ಮುಂದಿನ ಬಾಗಿಲ ಹತ್ತಿರ ಒತ್ತಿಕೊಂಡು ನಿಂತರು. ಮಧ್ಯದಲ್ಲಿ ಖಾಲಿ, ಮುಂದೆ ಕಾಲಿಡಲು ಜಾಗ ಇಲ್ಲ. ಸ್ಟಾಪಿನಲ್ಲಿ ಜನ ಉಳಿದುಹೋದರು. ತಳ್ಳುಗಾಡಿಯವರು ಈ ಬಸ್ಸನ್ನೇ ಬಿಟ್ಟರು. ಅದಕ್ಕಿಂತ ಕೆಟ್ಟದ್ದು ಎಂದರೆ, ಜನ ಕಾವಲು ಕಾಯಲು ಶುರುಮಾಡಿದರು.

ಒಂದು ದಿನ ಮಡಚುವ ಸೀಟಿನಲ್ಲಿ ಒಬ್ಬ ಯುವತಿ ಕೂತಿದ್ದರು. ವೀಲ್‌ಚೇರಿನವರು ಯಾರೂ ಇರಲಿಲ್ಲ. ಒಬ್ಬ ಪ್ರಯಾಣಿಕರು ಸ್ಟಿಕ್ಕರ್ ತೋರಿಸಿ "ಓದೋಕೆ ಬರಲ್ವೇನಮ್ಮ? ಇಷ್ಟು ಚಿಕ್ಕ ವಯಸ್ಸು, ಏಳು" ಎಂದರು. ಆಕೆ ಎದ್ದರು. ಮುಂದಿನ ತಿರುವಿನಲ್ಲಿ ಬ್ರೇಕ್ ಬಿದ್ದಾಗ ನಿಲ್ಲಲಾಗದೆ ಬಿದ್ದು ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡರು. ಆಕೆಗೆ ಹೆಚ್ಚು ಹೊತ್ತು ನಿಲ್ಲಲು ಆಗದ ಕಾಯಿಲೆ ಇತ್ತು. ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಆಕೆಯನ್ನು ನೋಡಲು ಹೋದೆ, ಕ್ಷಮೆ ಕೇಳಿದೆ. ಗುರುತಿನ ಬಿಲ್ಲೆ ಅಥವಾ ಕಾರ್ಡ್ ಮಾಡಿಸಿದರೆ ಹೇಗೆ ಎಂದು ಕೇಳಿದೆ. ಟೋಕಿಯೋದಲ್ಲಿ 2012ರಿಂದ ಹೆಲ್ಪ್ ಮಾರ್ಕ್ ಎಂಬ ಕೆಂಪು ಗುರುತು ಇದೆ. ಲಂಡನ್ನಿನಲ್ಲಿ 2017ರಿಂದ "ದಯವಿಟ್ಟು ನನಗೆ ಸೀಟು ಕೊಡಿ" ಎಂಬ ಅರ್ಥದ ಬಿಲ್ಲೆ ಕೊಡುತ್ತಾರೆ. ಹೊರಗೆ ಕಾಣದ ತೊಂದರೆ ಇರುವವರಿಗೆ ಅದು ನಿಜವಾಗಿ ಸಹಾಯ ಆಗಿದೆ. ಆಕೆ ಸ್ವಲ್ಪ ಯೋಚಿಸಿ ಹೇಳಿದರು: "ಬೇಕು ಅನ್ನೋರಿಗೆ ಕೊಡಿ. ನಾನೂ ಕೆಲವು ದಿನ ಹಾಕ್ಕೋಬಹುದು. ಆದರೆ ಬಿಲ್ಲೆ ಇಲ್ಲದವರಿಗೆಲ್ಲ ಆರೋಗ್ಯ ಚೆನ್ನಾಗಿದೆ ಅಂತ ಆಗಬಾರದು. ಕೂರೋಕೆ ನನ್ನ ಕಾಯಿಲೆ ಹೆಸರು ಹೇಳಬೇಕಾ?"

ಆ ವಾರ ಸ್ಟಿಕ್ಕರ್ ಕಿತ್ತೆವು. ಪೂರ್ತಿ ತೆಗೆದುಬಿಡೋಣ ಎಂದು ಕೆಲವರು ಹೇಳಿದರು. ಅದೂ ಅಪಾಯವೇ. ಜಪಾನಿನ ಹಾನ್‌ಕ್ಯೂ ರೈಲಿನಲ್ಲಿ 1999ರಲ್ಲಿ ಎಲ್ಲ ಸೀಟುಗಳನ್ನೂ ಆದ್ಯತೆಯ ಸೀಟು ಎಂದು ಸಾರಿದರು. ಎಲ್ಲರೂ ಎಲ್ಲ ಕಡೆ ಬಿಟ್ಟುಕೊಡಲಿ ಎಂಬ ಒಳ್ಳೆಯ ಆಸೆ. 2007ರಲ್ಲಿ ಮತ್ತೆ ಕೆಲವೇ ಸೀಟುಗಳನ್ನು ಗುರುತು ಮಾಡುವ ಪದ್ಧತಿಗೆ ಮರಳಿದರು. ಒಂದು ಜಾಗಕ್ಕೆ ಹೆಸರು ಇರಲೇಬೇಕು. ಹಾಗಾಗಿ ಸ್ಟಿಕ್ಕರಿನ ಒಂದು ಪದ ಮಾತ್ರ ಬದಲಾಯಿತು. "ಮಾತ್ರ" ಹೋಗಿ "ಮೊದಲು" ಬಂತು: "ಈ ಜಾಗ ವೀಲ್‌ಚೇರ್‌ಗೆ ಮೊದಲು." ಕೆಳಗೆ ಚಿಕ್ಕದಾಗಿ: "ಇಲ್ಲದಾಗ ಯಾರಾದರೂ ಬಳಸಬಹುದು. ಬಿಡಲು ಹೇಳುವವರು ಡ್ರೈವರ್."

ಕೊನೆಯ ಆ ಸಾಲು ಯುವತಿಯ ಒತ್ತಾಯದಿಂದ ಬಂದದ್ದು. ಪ್ರಯಾಣಿಕರು ಒಬ್ಬರನ್ನೊಬ್ಬರು ತೂಗಿ ನೋಡುವ ಕೆಲಸ ನಿಲ್ಲಬೇಕು ಎಂಬುದು ಅವರ ಮಾತು. ಅದು ಪೂರ್ತಿ ಸರಿ. ಆದರೆ ಇದರಿಂದ ಹೊರೆಯೆಲ್ಲ ಡ್ರೈವರ್ ಮೇಲೆ ಬಿತ್ತು. ಇನ್ನೇನು ಮಾಡಬೇಕು ಎಂದು ಎರಡು ಸಾಲಿನಲ್ಲಿ ಕೇಳಿದ್ದವರೂ ಅವರೇ.

ನಿಂತ ಬಸ್ಸಿನಲ್ಲಿ ಒಂದು ದಿನ

ಪ್ರಕರಣ ತಿರುಗಿದ್ದು ಡಿಪೋದಲ್ಲಿ. ಒಂದು ರಜೆಯ ದಿನ ಖಾಲಿ ಬಸ್ಸೊಂದನ್ನು ಕೇಳಿ ಪಡೆದು, ಎಲ್ಲರನ್ನೂ ಕರೆದೆವು. 'ಕ' ಅವರು, ತಂದೆ, ಹಿರಿಯರು, ಯುವತಿ, ಆ ಡ್ರೈವರ್, ಅವರ ಇಬ್ಬರು ಜೊತೆಗಾರರು. ತಂದೆ ಬರಲು ಒಪ್ಪಲಿಲ್ಲ ಮೊದಲು. ಮತ್ತೆ ಬೈಸಿಕೊಳ್ಳುವುದಕ್ಕಾ ಎಂದು ಕೇಳಿದರು. 'ಕ' ಅವರೇ ಫೋನ್ ಮಾಡಿ ಕರೆದರು. ಏನು ಮಾತಾಡಿದರು ಎಂದು ನಾನು ಕೇಳಲಿಲ್ಲ.

ಮಾತಿಗಿಂತ ಮೊದಲು ಮಾಡಿ ನೋಡೋಣ ಎಂದು ತೀರ್ಮಾನಿಸಿದ್ದು ಒಳ್ಳೆಯದಾಯಿತು. ತಂದೆ ಒಂದು ಕೈಯಲ್ಲಿ ಮಗುವಿನಷ್ಟೇ ಭಾರದ ಚೀಲ ಹಿಡಿದು ಗಾಡಿ ಮಡಚಲು ಹೋದರು. ಗಾಡಿ ಮಡಚುವುದಕ್ಕೆ ಎರಡು ಕೈ ಬೇಕು. ಮಗುವಿಗೆ ಒಂದು ಕೈ. ಹಿಡಿಗೆ ತಗುಲಿಸಿದ ಔಷಧಿ, ಬಟ್ಟೆಯ ಚೀಲ ಬಿಚ್ಚದೆ ಮಡಚಲು ಬರುವುದಿಲ್ಲ. ಬಸ್ಸು ಓಡುತ್ತಿದ್ದರೆ ಕಂಬಕ್ಕೆ ಇನ್ನೊಂದು ಕೈ. "ಗಾಡಿ ಮಡಚಬಹುದು, ವೀಲ್‌ಚೇರ್ ಮಡಚಲಾಗದು" ಎಂದು ನಾವೆಲ್ಲ ಸುಲಭವಾಗಿ ಹೇಳುತ್ತಿದ್ದೆವು. ಮಾತು ನಿಜ. ಆದರೆ ಬಸ್ಸು ನಿಂತಿರಬೇಕು, ಇನ್ನೊಬ್ಬರು ಕೈ ಕೊಡಬೇಕು. ಆಗ ಮಾತ್ರ ನಿಜ. ಆ ದಿನ ತಂದೆ ಗಾಡಿ ತೆಗೆಯದೆ ನಿಂತದ್ದು ಹಟದಿಂದಲ್ಲ. ತೆಗೆಯುವ ದಾರಿಯೇ ಅವರಿಗೆ ಕಾಣಲಿಲ್ಲ.

ಆಮೇಲೆ 'ಕ' ಅವರು ಹತ್ತಿ ತೋರಿಸಿದರು. ರ‍್ಯಾಂಪ್ ಮೇಲೆ ಬಂದು, ಒಳಗೆ ಅರ್ಧ ಸುತ್ತು ತಿರುಗಿ, ಹಿಂದಕ್ಕೆ ಸರಿದು ಪಟ್ಟಿಗೆ ಬೆನ್ನು ಕೊಡಬೇಕು. ನಮ್ಮಲ್ಲಿ ಕೆಲವರು ನಿಂತು ಹೋಗುವವರ ಹಾಗೆ ನಿಂತೆವು. ಮೂರು ಜನ ತಪ್ಪಾದ ಜಾಗದಲ್ಲಿದ್ದರೆ ಸಾಕು, ಕುರ್ಚಿ ತಿರುಗುವುದಿಲ್ಲ.

ಆಗ ಡ್ರೈವರ್ ತಮ್ಮ ಸೀಟಿನಿಂದಲೇ ಒಂದು ಮಾತು ಹೇಳಿದರು. "ಇಳಿಯೋರು ಇಳಿದ ಮೇಲೆ ಮುಂದಿನ ಬಾಗಿಲು ನಾನು ತೆಗೀದೇ ಇದ್ರೆ?"

ಎಲ್ಲರೂ ಸುಮ್ಮನಾದೆವು. ಅಷ್ಟು ದಿನ ಯಾರಿಗೂ ಇದು ಹೊಳೆದಿರಲಿಲ್ಲ. ಎರಡೂ ಬಾಗಿಲು ಒಟ್ಟಿಗೆ ತೆರೆದರೆ ಹೊಸಬರು ನುಗ್ಗಿ ಓಡಾಡುವ ದಾರಿ ಮುಚ್ಚುತ್ತಾರೆ. ಆಮೇಲೆ "ಜಾಗ ಮಾಡಿ" ಎಂದರೆ ಸರಿಯಲು ಎಲ್ಲಿದೆ ಜಾಗ? ಮೊದಲು ಮಧ್ಯದ ಬಾಗಿಲು ಮಾತ್ರ ತೆರೆದು ಇಳಿಯುವವರು ಇಳಿಯಲಿ. ಆಗ ಬಸ್ಸು ಇದ್ದುದರಲ್ಲಿ ಖಾಲಿ ಇರುತ್ತದೆ. ನಿಂತವರು ಹಿಂದಕ್ಕೆ ಹೋಗಲಿ, ಗಾಡಿ ಮಡಚಲಿ, ವೀಲ್‌ಚೇರ್ ಹತ್ತಲಿ. ಕೊನೆಗೆ ಮುಂದಿನ ಬಾಗಿಲು. ಅದೇ ಬಸ್ಸು, ಅಷ್ಟೇ ಜನ. ಬದಲಾದದ್ದು ಸರದಿ ಮಾತ್ರ.

ಉಳಿದದ್ದು ಮಾತು. ಮೈಕಿನಲ್ಲಿ ಏನು ಹೇಳಬೇಕು? ನಾನು ಬರೆದುಕೊಂಡು ಹೋಗಿದ್ದು "ಪ್ರಯಾಣಿಕರು ದಯವಿಟ್ಟು ಸಹಕರಿಸಬೇಕಾಗಿ ವಿನಂತಿ" ಎಂದು. 'ಕ' ಅವರು ಕೇಳಿದರು, "ಇದು ಯಾರಿಗೆ ಹೇಳಿದ್ದು?" ನಿಜ, ಯಾರಿಗೂ ಅಲ್ಲ. ಒಂದು ಗಂಟೆ ಕೂತು, ಬಾಯಲ್ಲಿ ಹೇಳಿ ಹೇಳಿ ನೋಡಿ, ಇಷ್ಟು ಉಳಿಸಿಕೊಂಡೆವು:

"ವೀಲ್‌ಚೇರಿನವರು ಹತ್ತುತ್ತಿದ್ದಾರೆ. ಮಧ್ಯದಲ್ಲಿ ನಿಂತವರು ಹಿಂದಕ್ಕೆ ಹೋಗಿ. ಮಗುವಿನ ಗಾಡಿ ಮಡಚಬೇಕು, ಪಕ್ಕದವರು ಒಂದು ಕೈ ಕೊಡಿ. ಅಲ್ಲಿಯವರೆಗೆ ಬಸ್ಸು ನಿಂತಿರುತ್ತದೆ."

ಮೊದಲ ವಾಕ್ಯ "ಹತ್ತಬಹುದಾ" ಎಂದು ಕೇಳುವುದಿಲ್ಲ, ಹತ್ತುತ್ತಿದ್ದಾರೆ ಎನ್ನುತ್ತದೆ. ಕೊನೆಯದು ತಂದೆಗಾಗಿ ಸೇರಿಸಿದ್ದು. ಬಳಸಿ ನೋಡಿದ ಮೇಲೆ ಡ್ರೈವರುಗಳು ಹೇಳಿದ್ದು, ಜನರನ್ನು ಸರಿಸುವುದು ಆ ಕೊನೆಯ ವಾಕ್ಯವೇ ಎಂದು. ಜಾಗ ಆಗುವವರೆಗೆ ಬಸ್ಸು ಹೊರಡುವುದಿಲ್ಲ ಎಂದು ಗೊತ್ತಾದರೆ ಸುತ್ತಲಿನವರೇ ಚೀಲ ಹಿಡಿದುಕೊಳ್ಳುತ್ತಾರೆ.

'ಕ' ಅವರದು ಇನ್ನೊಂದು ಷರತ್ತಿತ್ತು. "ನನ್ನನ್ನು ಕೇಳಬೇಡಿ. ಪರವಾಗಿಲ್ವಾ, ಮುಂದಿನದಕ್ಕೆ ಬರ್ತೀರಾ ಅಂತ ಎಲ್ಲರೆದುರು ಕೇಳಿದ್ರೆ ನಾನು ಹೂಂ ಅಂತೀನಿ. ಅದು ಉತ್ತರ ಅಲ್ಲ." ಇದನ್ನು ಡ್ರೈವರುಗಳ ತರಬೇತಿಯಲ್ಲಿ ಹಾಗೇ, ಅವರ ಮಾತಿನಲ್ಲೇ ಸೇರಿಸಿದ್ದೇವೆ.

ಯಾರಾದರೂ ಖಂಡಿತ ಸರಿಯುವುದಿಲ್ಲ ಎಂದರೆ? ಮತ್ತೊಮ್ಮೆ ಹೇಳಬೇಕು, ಕೆಲವು ನಿಮಿಷ ಕಾಯಬೇಕು. ಕೈ ಹಾಕುವಂತಿಲ್ಲ, ಬೈಯುವಂತಿಲ್ಲ. ಕೊನೆಗೂ ಆಗದಿದ್ದರೆ ಡ್ರೈವರ್ ಸೀಟಿನಿಂದ ಇಳಿದು ಹೋಗಿ ಹೊರಗಿರುವವರಿಗೆ ಎದುರಿಗೇ ಹೇಳಬೇಕು, ಕಂಟ್ರೋಲ್ ರೂಮಿಗೆ ತಿಳಿಸಬೇಕು, ಹಿಂದಿನ ಬಸ್ಸಿನಲ್ಲಿ ಜಾಗ ಇಟ್ಟುಕೊಂಡು ಬರಲು ಹೇಳಬೇಕು. ಬಾಗಿಲು ಮುಚ್ಚಿ ಸುಮ್ನೆ ಹೊರಡುವುದು ಇನ್ನು ಇಲ್ಲ.

ತಡ ಯಾರ ತಲೆಗೆ?

ಹೊರಡುವ ಮುಂಚೆ ಡ್ರೈವರ್ ನನ್ನನ್ನು ಪಕ್ಕಕ್ಕೆ ಕರೆದರು. "ಸರ್, ನೀವು ಹೇಳಿದ್ದೆಲ್ಲ ಸರಿ. ಕೊನೇ ಸ್ಟಾಪಿಗೆ ತಡವಾಗಿ ಹೋದರೆ ಬರೆಯೋದು ನನ್ನ ಹೆಸರಿನ ಮುಂದೆ. ಚಹಾಗೆ ಬಿಡುವು ಹೋಗೋದು ನನ್ನದು."

ಇದನ್ನು ಸಣ್ಣ ಮಾತು ಎಂದು ತೆಗೆದುಹಾಕಿದ್ದರೆ ಉಳಿದ ಕೆಲಸವೆಲ್ಲ ಕಾಗದದಲ್ಲೇ ಉಳಿಯುತ್ತಿತ್ತು. ಬೇಗ ಹೋಗಬೇಕು ಎನ್ನುವವರ ಬೇಡಿಕೆಯೂ ಸುಳ್ಳಲ್ಲ. ತಡವಾದ ಬಸ್ಸಿಗೆ ಮುಂದಿನ ಸ್ಟಾಪಿನಲ್ಲಿ ಜಾಸ್ತಿ ಜನ ಕಾದಿರುತ್ತಾರೆ. ಅವರು ಹತ್ತಲು ಇನ್ನೂ ಹೊತ್ತು. ಹಾಗೆ ತಡ ಬೆಳೆಯುತ್ತಾ ಹೋಗುತ್ತದೆ. ಹಿಂದಿನ ಬಸ್ಸಿಗೆ ಜನ ಸಿಗದೆ ಅದು ಬೇಗ ಬೇಗ ಬಂದು ಇದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ನೆವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ಇದನ್ನು 1964ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. "ಹಿಂದೇನೇ ಇನ್ನೊಂದು ಬಸ್ ಇದೆ" ಎಂದು ಆ ದಿನ ಕೂಗಿದವರು ಹೇಳಿದ್ದೂ ಬಹುಶಃ ನಿಜವೇ. ಖಾಲಿ ಬಸ್ಸು ಹಿಂದೆ ಬರುತ್ತಿರಬಹುದು. ಹಾಗಿದ್ದರೆ ಅದಕ್ಕೆ ಕಾಯಬಹುದಾದವರು ನಿಂತು ಹೋಗುವವರು. ಯಾವಾಗಲೂ ವೀಲ್‌ಚೇರಿನವರೇ ಯಾಕೆ?

ಕಚೇರಿಯಲ್ಲಿ ಎರಡು ವಿಷಯ ಕೇಳಿದೆವು. ರ‍್ಯಾಂಪ್ ಹಾಕಿ ನಿಂತ ಹೊತ್ತನ್ನು ಡ್ರೈವರ್ ಒಂದು ಬಟನ್ ಒತ್ತಿ ದಾಖಲಿಸಲಿ, ಅದು ಅವರ ತಡದ ಲೆಕ್ಕಕ್ಕೆ ಬರದಿರಲಿ. ಬೆಳಗಿನ ಟ್ರಿಪ್ಪುಗಳ ಕೊನೆಯಲ್ಲಿ ಸ್ವಲ್ಪ ಬಿಡುವು ಹೆಚ್ಚಾಗಲಿ, ಒಂದು ಟ್ರಿಪ್ಪಿನ ತಡ ಮುಂದಿನದಕ್ಕೆ ದಾಟದಿರಲಿ. ಮೊದಲನೆಯದಕ್ಕೆ ಬೇಗ ಒಪ್ಪಿಗೆ ಸಿಕ್ಕಿತು. ಎರಡನೆಯದಕ್ಕೆ ಬಹಳ ಓಡಾಡಬೇಕಾಯಿತು. ಬಿಡುವು ಎಂದರೆ ಬಸ್ಸು ನಿಂತಿರುವ ಹೊತ್ತು, ಅದಕ್ಕೆ ಖರ್ಚಿದೆ. ಮೂರನೆಯ ದೂರಿನವರ ಕಾಗದ ಅಲ್ಲಿ ಕೆಲಸಕ್ಕೆ ಬಂತು. ಅವರು ಬೇಗ ಹೋಗುವ ಬಸ್ಸು ಕೇಳಿರಲಿಲ್ಲ, ದಿನಾ ಒಂದೇ ಹೊತ್ತಿಗೆ ಬರುವ ಬಸ್ಸು ಕೇಳಿದ್ದರು. ಬಿಡುವು ಹೆಚ್ಚಿದರೆ ಸಿಗುವುದೂ ಅದೇ. ಕೊನೆಗೆ ಬೆಳಗಿನ ಟ್ರಿಪ್ಪುಗಳಿಗೆ ಮಾತ್ರ ಒಪ್ಪಿದರು.

ಆಮೇಲೆ

ಮೈಕಿನ ಮಾತು ಶುರುವಾದ ಕೂಡಲೇ ಎರಡು ಹೊಸ ತೊಂದರೆ ಬಂದವು. ಕಣ್ಣು ಕಾಣದ ಪ್ರಯಾಣಿಕರೊಬ್ಬರು, ಡ್ರೈವರ್ ಮಾತಿನ ನಡುವೆ ಸ್ಟಾಪಿನ ಹೆಸರು ಕೇಳಿಸುತ್ತಿಲ್ಲ, ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆ ಎಂದರು. ಅದೇ ಬಸ್ಸಿನಲ್ಲಿ ಹೋಗುವ ಆಟಿಸಂ ಇರುವ ಹುಡುಗನೊಬ್ಬ ಮೈಕಿನ ಸದ್ದಿಗೆ ಕಿವಿ ಮುಚ್ಚಿ ಕೂಗುತ್ತಿದ್ದ. ಒಬ್ಬರಿಗೆ ಸದ್ದು ಬೇಕು, ಇನ್ನೊಬ್ಬರಿಗೆ ಸದ್ದೇ ಕಷ್ಟ. ಇದಕ್ಕೆ ದಾರಿ ಇಲ್ಲ ಎಂದೇ ಭಾವಿಸಿದ್ದೆ.

ಹುಡುಗನ ತಾಯಿ ದಾರಿ ತೋರಿಸಿದರು. "ಸದ್ದು ಅವನಿಗೆ ಅಷ್ಟು ತೊಂದರೆ ಇಲ್ಲ. ಯಾವಾಗ ಬರುತ್ತೆ, ಏನು ಹೇಳ್ತಾರೆ ಗೊತ್ತಿಲ್ಲ, ಅದು ಕಷ್ಟ. ದಿನಾ ಅದೇ ಮಾತು ಹೇಳಲಿ, ಬಸ್ಸು ನಿಂತ ಮೇಲೇ ಹೇಳಲಿ." ಬಸ್ಸು ನಿಂತ ಮೇಲೆ ಹೇಳಿದರೆ ಸ್ಟಾಪಿನ ಹೆಸರು ಅಷ್ಟರಲ್ಲಿ ಮುಗಿದಿರುತ್ತದೆ. ಕಣ್ಣು ಕಾಣದವರಿಗೂ ಅದೇ ಬೇಕಿತ್ತು. ಡ್ರೈವರುಗಳಿಗೆ ಸ್ವಂತ ಮಾತು ಸೇರಿಸಬೇಡಿ, ಕಿರುಚಬೇಡಿ ಎಂದು ಹೇಳಿದೆವು. ಈಗ ಆ ಹುಡುಗ ನಾಲ್ಕೂ ವಾಕ್ಯಗಳನ್ನು ಡ್ರೈವರ್ ಜೊತೆಗೇ ಹೇಳುತ್ತಾನೆ.

ಹಿರಿಯರಿಗೆ ಬೇಕಾಗಿದ್ದು ಎಲ್ಲಕ್ಕಿಂತ ಸಣ್ಣದು. ಮಡಚುವ ಸೀಟೇ ಬೇಕು ಎಂದೇನೂ ಇರಲಿಲ್ಲ ಅವರಿಗೆ. ಮುಂದಿನ ಸೀಟಿಗೆ ಹೋಗುವಷ್ಟರಲ್ಲಿ ಬಸ್ಸು ಹೊರಟುಬಿಡುತ್ತದೆ, ಬೀಳುವ ಭಯ, ಅದಕ್ಕೇ ಕಂಬದ ಹತ್ತಿರ ಕೂರುತ್ತಿದ್ದರು. "ನಾನು ಕೂತ ಮೇಲೆ ಬಿಡಪ್ಪ" ಎಂದು ಡ್ರೈವರಿಗೆ ಹೇಳಿದರು. ಡ್ರೈವರ್ ಕನ್ನಡಿಯಲ್ಲಿ ನೋಡಿ ಬಿಡುತ್ತಾರೆ. ಮಡಚುವ ಸೀಟು ಒಂದು ಹಾಗೇ ಖಾಲಿಯಾಯಿತು. ಎಷ್ಟು ದಿನದ ಜಗಳದಲ್ಲಿ ಇಷ್ಟು ಕೇಳುವುದನ್ನು ನಾವು ಬಿಟ್ಟಿದ್ದೆವು.

ಎಲ್ಲ ಸರಿಯಾಯಿತು ಎಂದಲ್ಲ. ಕೆಲವು ತಿಂಗಳಾದ ಮೇಲೆ ಆ ಡ್ರೈವರಿಗೆ ಬೇರೆ ಮಾರ್ಗಕ್ಕೆ ವರ್ಗವಾಯಿತು. ಹೊಸಬರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡೂ ಬಾಗಿಲು ಮತ್ತೆ ಒಟ್ಟಿಗೆ ತೆರೆಯತೊಡಗಿದವು. 'ಕ' ಅವರು ಒಂದೇ ವಾರದಲ್ಲಿ ಎರಡು ಸಲ ಸ್ಟಾಪಿನಲ್ಲಿ ಉಳಿದರು. ನಾವು ಮಾಡಿದ್ದೆಲ್ಲ ಒಬ್ಬ ಒಳ್ಳೆಯ ಡ್ರೈವರ್ ಮೇಲೆ ನಿಂತಿತ್ತು ಎಂದು ಆಗ ಗೊತ್ತಾಯಿತು. ಈಗ ಆ ಸರದಿ ಮತ್ತು ಆ ನಾಲ್ಕು ವಾಕ್ಯ ಡ್ರೈವರ್ ಸೀಟಿನ ಮುಂದೆ ಅಂಟಿಸಿದ ಹಾಳೆಯಲ್ಲಿವೆ. ಮಾರ್ಗಕ್ಕೆ ಹೊಸದಾಗಿ ಬರುವವರು ಮೊದಲ ದಿನ ಹಳಬರ ಜೊತೆ ಒಂದು ಟ್ರಿಪ್ ಹೋಗುತ್ತಾರೆ.

ಉತ್ತರ ಸಿಗದ ಪ್ರಶ್ನೆಗಳೂ ಇವೆ. ಒಂದು ಬೆಳಿಗ್ಗೆ ಒಂದೇ ಸ್ಟಾಪಿನಲ್ಲಿ ವೀಲ್‌ಚೇರಿನವರು ಇಬ್ಬರು ಕಾಯುತ್ತಿದ್ದರು. ಜಾಗ ಇದ್ದದ್ದು ಒಬ್ಬರಿಗೆ. ಮೊದಲು ಬಂದವರು ಮೊದಲು ಎಂದು ಡ್ರೈವರ್ ತೀರ್ಮಾನಿಸಿದರು, ಹಿಂದಿನ ಬಸ್ಸಿಗೆ ತಿಳಿಸಿದರು. ಉಳಿದವರು 'ಕ'. ಹಿಂದಿನ ಬಸ್ಸು ಜಾಗ ಇಟ್ಟುಕೊಂಡೇ ಬಂತು. ಆದರೂ ಅವರು ಕೆಲಸಕ್ಕೆ ತಡವಾಗಿ ಹೋದರು. ಅವಳಿ ಮಕ್ಕಳ ತಾಯಿಯೊಬ್ಬರ ಗಾಡಿ ಮಡಚಿದರೂ ಇಡಲು ಜಾಗವಿಲ್ಲ, ಇಬ್ಬರು ಮಕ್ಕಳನ್ನು ಒಟ್ಟಿಗೆ ಎತ್ತಿಕೊಳ್ಳಲು ಅವರಿಗೆ ಆಗುವುದಿಲ್ಲ. ಅವರಿಗೆ ಹೇಳಲು ನಮ್ಮ ನಾಲ್ಕು ವಾಕ್ಯಗಳಲ್ಲಿ ಏನೂ ಇಲ್ಲ.

ಹಾಗಾಗಿ ಈಗ ಎದುರುಗಡೆಯ ಎರಡು ಸೀಟು ತೆಗೆದು ಇನ್ನೊಂದು ತೆರೆದ ಜಾಗ ಮಾಡುವ ಮಾತು ನಡೆದಿದೆ. ಮಾಡಿದರೆ ಕೂರುವವರಿಗೆ ಎರಡು ಸೀಟು ಕಡಿಮೆ. ಯುವತಿ ಇದಕ್ಕೆ ಒಪ್ಪಿಲ್ಲ, ಒಪ್ಪದಿರಲು ಅವರಿಗೆ ಕಾರಣವೂ ಇದೆ. ಹಿರಿಯರು ಸೀಟು ಬೇಕಾದರೆ ತೆಗೆಯಿರಿ, ಅಲ್ಲಿ ಹಿಡಿದುಕೊಳ್ಳಲು ಒಂದು ಕಂಬ ಹಾಕಿ ಎಂದಿದ್ದಾರೆ. ಆದರೆ ಕಂಬ ಬಂದರೆ ಕುರ್ಚಿ ತಿರುಗುವುದಿಲ್ಲ ಎನ್ನುತ್ತಾರೆ 'ಕ'. ಮುಂದಿನ ರಜೆಯ ದಿನ ಅದೇ ಖಾಲಿ ಬಸ್ಸನ್ನು ಮತ್ತೆ ಕೇಳಿದ್ದೇವೆ. ಅವಳಿ ಮಕ್ಕಳ ತಾಯಿ ಗಾಡಿ ತರುತ್ತೇನೆ ಎಂದಿದ್ದಾರೆ. ಕಂಬ ಎಲ್ಲಿ ನಿಂತರೆ ಇಬ್ಬರಿಗೂ ಆಗುತ್ತದೆ ಎಂದು ನೆಲದ ಮೇಲೆ ಟೇಪ್ ಹಚ್ಚಿ ನೋಡಬೇಕು.